ವಿಡಿಯೋ ಗೇಮ್ ವಿರೋಧಿ ವಕೀಲ ಜಾಕ್ ಥಾಂಪ್ಸನ್ ಮತ್ತು ನ್ಯಾಯಾಂಗ ನಿಂದನೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನೂ ಕರಿಕೋಟು ಹಾಕಿಕೊಂಡು ಕೋರ್ಟಿಗೆ ಹೋಗುವವನೇ. ಕಾನೂನು ಓದುವ ಹುಡುಗರಿಗೆ ಈ ಕಥೆ ಹೇಳಿದಾಗಲೆಲ್ಲ ಹೆಚ್ಚೂಕಡಿಮೆ ಅದೇ ಪ್ರಶ್ನೆಗಳು ಬರುತ್ತವೆ. ಗೇಮ್ ಆಡುವ ಹುಡುಗರ ಪ್ರಶ್ನೆಗಳು ಬೇರೆ ಥರ ಇರುತ್ತವೆ. ಎರಡನ್ನೂ ಇಲ್ಲಿ ಒಟ್ಟಿಗೆ ಹಾಕಿದ್ದೇನೆ.

ಯಾರು ಈ ಜಾಕ್ ಥಾಂಪ್ಸನ್?

ಅಮೆರಿಕದ ಫ್ಲೋರಿಡಾ ರಾಜ್ಯದಲ್ಲಿ ವಕೀಲರಾಗಿದ್ದವರು. ಹುಟ್ಟಿದ್ದು 1951ರಲ್ಲಿ, ಒಹಾಯೋದ ಕ್ಲೀವ್‌ಲ್ಯಾಂಡ್‌ನಲ್ಲಿ. ವ್ಯಾಂಡರ್ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿದರು. 1970ರ ದಶಕದಲ್ಲಿ ಮಯಾಮಿ ಕಡೆ ಬಂದು ನೆಲೆಸಿದರು. ಹಿಂಸೆ ತುಂಬಿದ ವಿಡಿಯೋ ಗೇಮ್‌ಗಳ ವಿರುದ್ಧ ಹತ್ತು ವರ್ಷ ಬಿಡದೆ ಹೋರಾಡಿದರು. 2008ರಲ್ಲಿ ಸನ್ನದು, ಅಂದರೆ ವಕೀಲಿಕೆ ಮಾಡುವ ಪರವಾನಗಿ, ಕಳೆದುಕೊಂಡರು. ಅದೂ ತಾತ್ಕಾಲಿಕವಾಗಿ ಅಲ್ಲ, ಶಾಶ್ವತವಾಗಿ.

2000ದ ದಶಕದಲ್ಲಿ ಸೈಬರ್ ಕೆಫೆಯಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಗ್ರ್ಯಾಂಡ್ ಥೆಫ್ಟ್ ಆಟೋ ಸರಣಿಯ ವೈಸ್ ಸಿಟಿ ಆಡಿದವರಿಗೆ ಇವರ ಹೆಸರು ಗೊತ್ತಿಲ್ಲದಿರಬಹುದು. ಆದರೆ ಆ ಆಟವನ್ನು ಅಂಗಡಿಯಿಂದಲೇ ತೆಗೆಸಬೇಕು ಅಂತ ಹಗಲೂ ರಾತ್ರಿ ಓಡಾಡಿದ ಮನುಷ್ಯ ಇವರೇ.

ಗೇಮ್‌ಗಳ ಹಿಂದೆ ಬೀಳುವ ಮೊದಲು ಏನು ಮಾಡುತ್ತಿದ್ದರು?

ರೇಡಿಯೋ, ಹಾಡು, ಇಂಥದ್ದರ ಹಿಂದೆ ಬಿದ್ದಿದ್ದರು. 1980ರ ದಶಕದ ಕೊನೆಯಲ್ಲಿ ಮಯಾಮಿಯ ಒಬ್ಬ ರೇಡಿಯೋ ನಿರೂಪಕರ ಮೇಲೆ ಅಶ್ಲೀಲತೆಯ ದೂರುಗಳ ಸರಣಿಯನ್ನೇ ಹಾಕಿದರು. 1988ರಲ್ಲಿ ಡೇಡ್ ಕೌಂಟಿಯ ಸರ್ಕಾರಿ ಅಭಿಯೋಜಕರ ಹುದ್ದೆಗೆ ಚುನಾವಣೆಗೆ ನಿಂತರು. ಹೌದು, ಅಲ್ಲಿ ಆ ಹುದ್ದೆಗೂ ಚುನಾವಣೆ ಇದೆ. ಎದುರಾಳಿ ಜಾನೆಟ್ ರೆನೋ. ಥಾಂಪ್ಸನ್ ಸೋತರು. ಆಕೆ 1993ರಲ್ಲಿ ಇಡೀ ದೇಶದ ಅಟಾರ್ನಿ ಜನರಲ್ ಆದರು.

ಆಮೇಲೆ ಟೂ ಲೈವ್ ಕ್ರೂ ಎಂಬ ಮಯಾಮಿಯ ರ‍್ಯಾಪ್ ತಂಡದ ಸರದಿ. 1990ರಲ್ಲಿ ಒಬ್ಬ ಫೆಡರಲ್ ನ್ಯಾಯಾಧೀಶರು ಆ ತಂಡದ ಆಲ್ಬಮ್ ಅಶ್ಲೀಲ ಎಂದು ತೀರ್ಪು ಕೊಟ್ಟರು. ಅದು ಥಾಂಪ್ಸನ್ ಅವರ ದೊಡ್ಡ ಗೆಲುವು. 1992ರಲ್ಲಿ ಮೇಲಿನ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿತು.

ಇದೇ ಕಾಲದ ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗಲಾರೆ. ಇವರ ಮಾನಸಿಕ ಸ್ಥಿತಿ ಸರಿಯಿದೆಯೇ ಎಂದು ಪರೀಕ್ಷೆ ಆಗಬೇಕು ಅಂತ ಫ್ಲೋರಿಡಾ ಬಾರ್, ಅಂದರೆ ಅಲ್ಲಿನ ವಕೀಲರ ಶಿಸ್ತು ನೋಡಿಕೊಳ್ಳುವ ಸಂಸ್ಥೆ, ಪಟ್ಟು ಹಿಡಿಯಿತು. ಪರೀಕ್ಷೆ ಆಯಿತು, ಎಲ್ಲ ಸರಿಯಿದೆ ಎಂದು ಬಂತು. ಫ್ಲೋರಿಡಾದಲ್ಲಿ ಬುದ್ಧಿ ನೆಟ್ಟಗಿದೆ ಅಂತ ಸರ್ಟಿಫಿಕೇಟ್ ಇರುವ ವಕೀಲ ನಾನೊಬ್ಬನೇ ಎಂದು ಥಾಂಪ್ಸನ್ ಆಮೇಲೆ ಹೇಳಿಕೊಂಡು ತಿರುಗಿದರು. ಈ ಮಾತಿಗೆ ನಗದಿರಲು ಸಾಧ್ಯವಿಲ್ಲ. ಆದರೆ ಬಾರ್ ಜೊತೆ ಇವರ ಜಗಳ ಎಷ್ಟು ಹಳೆಯದು ಅನ್ನುವುದು ಇದರಿಂದ ಗೊತ್ತಾಗುತ್ತದೆ.

ವಿಡಿಯೋ ಗೇಮ್ ಮೇಲೆ ಕಣ್ಣು ಬಿದ್ದದ್ದು ಯಾವಾಗ?

1997ರ ಡಿಸೆಂಬರ್ 1ರಂದು ಕೆಂಟಕಿ ರಾಜ್ಯದ ಪಡೂಕಾ ಊರಿನ ಬಳಿ ಹೀತ್ ಹೈಸ್ಕೂಲಿನಲ್ಲಿ 14 ವರ್ಷದ ಹುಡುಗ ಗುಂಡು ಹಾರಿಸಿದ. ಬೆಳಗಿನ ಪ್ರಾರ್ಥನೆ ಮುಗಿಸಿದ ಮಕ್ಕಳ ಗುಂಪಿನ ಮೇಲೆ. ಮೂವರು ಹುಡುಗಿಯರು ಸತ್ತರು. ಆ ಹುಡುಗಿಯರ ತಂದೆತಾಯಿ ಪರವಾಗಿ 1999ರಲ್ಲಿ ದೊಡ್ಡ ದಾವೆ ಹೂಡಿದ ವಕೀಲರಲ್ಲಿ ಥಾಂಪ್ಸನ್ ಒಬ್ಬರು. ಕೇಳಿದ ಪರಿಹಾರ 3 ಕೋಟಿ 30 ಲಕ್ಷ ಡಾಲರ್. ಎದುರು ಪಾರ್ಟಿಗಳ ಪಟ್ಟಿಯಲ್ಲಿ ಗೇಮ್ ಕಂಪನಿಗಳು, ಒಂದು ಸಿನಿಮಾ ತೆಗೆದವರು, ಅಶ್ಲೀಲ ವೆಬ್‌ಸೈಟ್‌ನವರು, ಎಲ್ಲರೂ ಇದ್ದರು.

2000ದಲ್ಲಿ ಕೆಳಗಿನ ಕೋರ್ಟು ದಾವೆಯನ್ನು ವಜಾ ಮಾಡಿತು. 2002ರಲ್ಲಿ ಆರನೇ ಸರ್ಕ್ಯೂಟಿನ ಮೇಲ್ಮನವಿ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಒಬ್ಬ ಹುಡುಗ ಆಟ ಆಡಿ ಮೂವರನ್ನು ಕೊಲ್ಲುತ್ತಾನೆ ಎಂದು ಆಟ ಮಾಡಿದ ಕಂಪನಿ ಮೊದಲೇ ಊಹಿಸಿರಬೇಕಿತ್ತು ಅನ್ನುವುದು ನಿಲ್ಲುವ ವಾದವಲ್ಲ ಅಂತ ಕೋರ್ಟು ಹೇಳಿತು. ನಿರ್ಲಕ್ಷ್ಯದ ದಾವೆಗಳಲ್ಲಿ ಎಲ್ಲ ದೇಶಗಳಲ್ಲೂ ಈ 'ಮೊದಲೇ ಊಹಿಸಬಹುದಿತ್ತೇ' ಎಂಬ ಪ್ರಶ್ನೆ ಬಂದೇ ಬರುತ್ತದೆ.

ಅಲಬಾಮಾದಲ್ಲಿ ಏನಾಯಿತು?

ಇದು ಮುಖ್ಯ. ಮುಂದೆ ಆಗಿದ್ದೆಲ್ಲ ಇಲ್ಲಿಂದ ಶುರು.

2003ರ ಜೂನ್‌ನಲ್ಲಿ ಅಲಬಾಮಾದ ಫಯೆಟ್ ಎಂಬ ಸಣ್ಣ ಊರಿನಲ್ಲಿ ಕಾರು ಕದ್ದ ಅನುಮಾನದ ಮೇಲೆ ಒಬ್ಬ ಹುಡುಗನನ್ನು ಪೊಲೀಸರು ಠಾಣೆಗೆ ಕರೆತಂದರು. ಅವನು ಪೊಲೀಸರ ಪಿಸ್ತೂಲನ್ನೇ ಕಿತ್ತುಕೊಂಡು ಇಬ್ಬರು ಪೊಲೀಸರನ್ನೂ ಠಾಣೆಯಲ್ಲಿ ಫೋನ್ ಎತ್ತುತ್ತಿದ್ದ ಒಬ್ಬ ನೌಕರನನ್ನೂ ಕೊಂದ. ಕಾರು ಕದಿಯುವ, ಗುಂಡು ಹಾರಿಸುವ ಗ್ರ್ಯಾಂಡ್ ಥೆಫ್ಟ್ ಆಟೋ ಆಟಗಳನ್ನು ಅವನು ಜಾಸ್ತಿ ಆಡುತ್ತಿದ್ದ ಅನ್ನುವುದು ಥಾಂಪ್ಸನ್ ಅವರ ವಾದ. ಸತ್ತವರ ಮನೆಯವರ ಪರವಾಗಿ 2005ರಲ್ಲಿ 60 ಕೋಟಿ ಡಾಲರ್‌ಗೆ ದಾವೆ ಬಿತ್ತು.

ಥಾಂಪ್ಸನ್ ಅವರ ಸನ್ನದು ಇದ್ದದ್ದು ಫ್ಲೋರಿಡಾದಲ್ಲಿ. ಅಮೆರಿಕದಲ್ಲಿ ಒಂದು ರಾಜ್ಯದ ವಕೀಲ ಇನ್ನೊಂದು ರಾಜ್ಯದ ಕೋರ್ಟಿನಲ್ಲಿ ಸುಮ್ನೆ ಹೋಗಿ ನಿಲ್ಲುವ ಹಾಗಿಲ್ಲ. ಆ ಒಂದು ಕೇಸಿಗೆ ಅಂತ ನ್ಯಾಯಾಧೀಶರಿಂದ ಅನುಮತಿ ಪಡೆಯಬೇಕು. ನಮ್ಮಲ್ಲಿ ಹಾಗಲ್ಲ. ಧಾರವಾಡದಲ್ಲಿ ಪ್ರಾಕ್ಟೀಸ್ ಮಾಡುವವರು ಮುಂಬೈಯಲ್ಲೂ ವಾದ ಮಾಡಬಹುದು. ಈ ಅನುಮತಿ ಕೊಟ್ಟವರೇ ವಾಪಸ್ ತೆಗೆದುಕೊಳ್ಳಲೂಬಹುದು. 2005ರ ನವೆಂಬರ್‌ನಲ್ಲಿ ಆದದ್ದು ಅದೇ. ಕೋರ್ಟಿನ ಒಳಗೂ ಹೊರಗೂ ಇವರ ನಡತೆ ಸರಿಯಿಲ್ಲ ಎಂದು ನ್ಯಾಯಾಧೀಶ ಜೇಮ್ಸ್ ಮೂರ್ ಅನುಮತಿ ರದ್ದು ಮಾಡಿದರು. ನಾನೇ ಕೇಸು ಬಿಡುತ್ತೇನೆ ಎಂದು ಥಾಂಪ್ಸನ್ ಹೇಳಿದ್ದನ್ನು ಅವರು ಒಪ್ಪಲಿಲ್ಲ. ತಾನಾಗಿ ಬಿಡುವುದಕ್ಕೂ ಹೊರಗೆ ಹಾಕಿಸಿಕೊಳ್ಳುವುದಕ್ಕೂ ವ್ಯತ್ಯಾಸ ಇದೆ ಅಲ್ವಾ? ನ್ಯಾಯಾಧೀಶರಿಗೆ ಆ ವ್ಯತ್ಯಾಸ ಕಾಗದದ ಮೇಲೆ ಉಳಿಯಬೇಕಿತ್ತು.

'ಬುಲ್ಲಿ' ಕೇಸು ಅಂದರೆ ಯಾವುದು?

ಬುಲ್ಲಿ ಎಂಬುದು ರಾಕ್‌ಸ್ಟಾರ್ ಗೇಮ್ಸ್ ಮಾಡಿದ ಆಟ. ಬೋರ್ಡಿಂಗ್ ಶಾಲೆಗೆ ಸೇರಿದ 15 ವರ್ಷದ ಜಿಮ್ಮಿ ಹಾಪ್ಕಿನ್ಸ್ ಎಂಬ ಹುಡುಗನ ಕಥೆ. ಶಾಲೆಯಲ್ಲಿ ಗುಂಪುಗಳು, ಕಾಟ ಕೊಡುವವರು, ತಿರುಗಿ ಬೀಳುವ ಜಿಮ್ಮಿ. ಆಯುಧ ಅಂದರೆ ಕವಣೆ, ಪಟಾಕಿ, ನಾತದ ಬಾಂಬು, ಮುಷ್ಟಿ. ರಕ್ತ ಇಲ್ಲ, ಸಾವು ಇಲ್ಲ. ಅಮೆರಿಕದ ಗೇಮ್ ರೇಟಿಂಗ್ ಮಂಡಳಿ ಇದಕ್ಕೆ 'ಟಿ' ಕೊಟ್ಟಿತು, ಅಂದರೆ 13 ವರ್ಷ ದಾಟಿದವರಿಗೆ ಅಡ್ಡಿಯಿಲ್ಲ.

ಥಾಂಪ್ಸನ್ ಅವರಿಗೆ ಇದು ಕೊಲಂಬೈನ್ ಶಾಲೆಯ ಹತ್ಯಾಕಾಂಡಕ್ಕೆ ತರಬೇತಿ ಕೊಡುವ ಆಟದ ಹಾಗೆ ಕಂಡಿತು. ಹಾಗಂತ ಕರೆದರೂ ಕೂಡ. ಆಟ ಬಿಡುಗಡೆಯಾಗುವ ಮೊದಲೇ, 2006ರ ಆಗಸ್ಟ್‌ನಲ್ಲಿ, ಫ್ಲೋರಿಡಾದ ಸಾರ್ವಜನಿಕ ಉಪದ್ರವದ ಕಾನೂನನ್ನು ಹಿಡಿದುಕೊಂಡು ರಾಕ್‌ಸ್ಟಾರ್‌ನ ಮಾಲೀಕ ಕಂಪನಿ ಟೇಕ್-ಟೂ ವಿರುದ್ಧ ಮಯಾಮಿ-ಡೇಡ್ ಕೋರ್ಟಿಗೆ ಹೋದರು. ಪಕ್ಕದ ಮನೆಯವರು ಚರಂಡಿ ನೀರು ರಸ್ತೆಗೆ ಬಿಟ್ಟರೆ ನಾವು ಹಿಡಿಯುವ ಕಾನೂನು ಇದು. ಅದನ್ನು ಇನ್ನೂ ಅಂಗಡಿಗೇ ಬಾರದ ಒಂದು ಆಟದ ಮೇಲೆ ಹೂಡಿದ್ದು ಜಾಣತನವೋ ಹುಚ್ಚೋ ಎಂದು ನಾನು ಹುಡುಗರನ್ನು ಕೇಳುವುದುಂಟು. ಇಬ್ಭಾಗ ಆಗುತ್ತಾರೆ. ನನ್ನ ಮತ ಜಾಣತನದ ಕಡೆಗೆ. ನೇರವಾಗಿ ನಿಷೇಧ ಕೇಳಿದ್ದರೆ ವಾಕ್‌ಸ್ವಾತಂತ್ರ್ಯದ ಗೋಡೆಗೆ ಮೊದಲ ದಿನವೇ ಡಿಕ್ಕಿ ಹೊಡೆಯುತ್ತಿತ್ತು.

ನ್ಯಾಯಾಧೀಶರೇ ಆಟ ಆಡಿದರು ಅಂತಾರೆ, ನಿಜಾನಾ?

ಆಡಲಿಲ್ಲ, ನೋಡಿದರು. ನ್ಯಾಯಾಧೀಶ ರೊನಾಲ್ಡ್ ಫ್ರೀಡ್‌ಮನ್ ಆಟವನ್ನು ತಂದು ತೋರಿಸಿ ಎಂದು ಕಂಪನಿಗೆ ಆದೇಶ ಮಾಡಿದರು. ಬಿಡುಗಡೆಗೆ ಕೆಲವೇ ದಿನ ಉಳಿದಿತ್ತು. ಕಂಪನಿಯ ಒಬ್ಬ ಉದ್ಯೋಗಿ ಬಂದು ಸುಮಾರು ಎರಡು ಗಂಟೆ ಆಡಿ ತೋರಿಸಿದರು.

ಮರುದಿನ, 2006ರ ಅಕ್ಟೋಬರ್ 13ರಂದು, ತಡೆಯಾಜ್ಞೆ ಕೊಡುವುದಿಲ್ಲ ಎಂದರು ಫ್ರೀಡ್‌ಮನ್. ಆಟದಲ್ಲಿ ಹಿಂಸೆ ಇದೆ, ಆದರೆ ದಿನಾ ರಾತ್ರಿ ಟಿವಿಯಲ್ಲಿ ಬರುವುದಕ್ಕಿಂತ ಜಾಸ್ತಿಯೇನಿಲ್ಲ ಎಂಬುದು ಅವರ ಮಾತಿನ ಸಾರ. ಅಕ್ಟೋಬರ್ 17ಕ್ಕೆ ಆಟ ಅಂಗಡಿಗೆ ಬಂತು.

ಇಲ್ಲಿ ಥಾಂಪ್ಸನ್ ಪರವಾಗಿ ಒಂದು ಮಾತು ಹೇಳಬೇಕು. ಪೂರ್ತಿ ಆಟ ಮುಗಿಸಲು ಹತ್ತಾರು ಗಂಟೆ ಬೇಕು. ಎರಡು ಗಂಟೆಯಲ್ಲಿ, ಅದೂ ಕಂಪನಿಯ ಮನುಷ್ಯನೇ ಆಡಿ ತೋರಿಸಿದ್ದರಲ್ಲಿ, ನ್ಯಾಯಾಧೀಶರು ಏನು ಕಂಡಿರಬಹುದು? ಇದು ನ್ಯಾಯವಾದ ತಕರಾರು. ಮೇಲ್ಮನವಿಯಲ್ಲಿ ಎತ್ತಬಹುದಾದ ಒಳ್ಳೆಯ ಅಂಶ. ನನ್ನ ಸೀನಿಯರ್ ಹೇಳುತ್ತಿದ್ದರು, ತೀರ್ಪು ವಿರುದ್ಧ ಬಂದ ದಿನ ಪೆನ್ನು ಮುಟ್ಟಬೇಡ, ಮನೆಗೆ ಹೋಗಿ ಊಟ ಮಾಡಿ ಮಲಗು ಅಂತ. ಥಾಂಪ್ಸನ್ ಪೆನ್ನು ಮುಟ್ಟಿದರು.

ಹಾಗಾದರೆ ನ್ಯಾಯಾಂಗ ನಿಂದನೆ ಎಲ್ಲಿಂದ ಬಂತು?

ಆ ಪೆನ್ನಿನಿಂದಲೇ. ನೀವು ಆಟವನ್ನು ನೋಡಲೇ ಇಲ್ಲ, ಏನು ನೋಡಿದಿರಿ ಅನ್ನುವುದೂ ನಿಮಗೆ ಗೊತ್ತಿಲ್ಲ ಎಂಬ ಧಾಟಿಯಲ್ಲಿ ಥಾಂಪ್ಸನ್ ನ್ಯಾಯಾಧೀಶರಿಗೇ ಪತ್ರ ಬರೆದರು. ಮೇಲ್ಮನವಿಯಲ್ಲಿ ಹೇಳಬೇಕಾದ್ದನ್ನು ಪತ್ರದಲ್ಲಿ ಬೈಗುಳದ ಜೊತೆ ಹೇಳಿದರು. ಸಾರ್ವಜನಿಕವಾಗಿಯೂ ಹರಿಹಾಯ್ದರು.

ಟೇಕ್-ಟೂ ಪರ ವಕೀಲರು ಇದೇ ಸಮಯ ಎಂದು ನಿಂದನೆ ಅರ್ಜಿ ಹಾಕಿದರು. ಫ್ರೀಡ್‌ಮನ್ ಬೇರೆ ದಾರಿ ಹಿಡಿದರು. ಕೇಸಿನಿಂದ ಹಿಂದೆ ಸರಿದರು. ಜೊತೆಗೆ ಫ್ಲೋರಿಡಾ ಬಾರ್‌ಗೆ ದೂರು ಕೊಟ್ಟರು. ಇಂಥ ನಡತೆ ವಕೀಲನಾದವನಿಗೆ ತಕ್ಕದ್ದಲ್ಲ, ತಿರಸ್ಕಾರಕ್ಕೆ ಯೋಗ್ಯವಾದದ್ದು ಎಂದು ಆ ದೂರಿನಲ್ಲಿ ಬರೆದರು.

ಬೈಸಿಕೊಂಡ ನ್ಯಾಯಾಧೀಶರೇ ತೀರ್ಪು ಕೊಡಬಾರದು ಅನ್ನುವುದಕ್ಕೆ ಅಮೆರಿಕದಲ್ಲಿ ಹಳೆಯ ಆಧಾರ ಇದೆ. 1971ರ ಮೇಬರಿ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಇದನ್ನೇ ಹೇಳಿತ್ತು: ಕೆಟ್ಟದಾಗಿ ಅವಮಾನ ಆದವರ ಮನಸ್ಸು ಎಷ್ಟೆಂದರೂ ಸಮ ಇರುವುದಿಲ್ಲ, ನಿಂದನೆಯನ್ನು ಇನ್ನೊಬ್ಬರು ವಿಚಾರಿಸಲಿ ಅಂತ.

ನ್ಯಾಯಾಧೀಶರನ್ನು ಟೀಕಿಸಿದರೇ ನಿಂದನೆ ಆಗುತ್ತದಾ?

ಅಮೆರಿಕದಲ್ಲಿ ಅಷ್ಟು ಸುಲಭಕ್ಕೆ ಆಗುವುದಿಲ್ಲ. ಕೋರ್ಟಿನ ಆದೇಶ ಮುರಿದರೆ ಒಂದು ಬಗೆ. ಕೋರ್ಟಿನೊಳಗೆ ಗಲಾಟೆ ಮಾಡಿ ಕಲಾಪ ಕೆಡಿಸಿದರೆ ಇನ್ನೊಂದು ಬಗೆ. ಹೊರಗೆ ನಿಂತು ತೀರ್ಪನ್ನು ಬೈದರೆ, ಎಷ್ಟೇ ಒರಟಾಗಿ ಬೈದರೂ, ಅದು ಬಹುಪಾಲು ವಾಕ್‌ಸ್ವಾತಂತ್ರ್ಯದೊಳಗೆ ಬರುತ್ತದೆ. 1941ರ ಬ್ರಿಡ್ಜಸ್ ತೀರ್ಪಿನಿಂದಲೇ ಈ ನಿಲುವು ಗಟ್ಟಿಯಾಗಿದೆ. ಜೊತೆಗೆ ಇನ್ನೊಂದು ರಕ್ಷಣೆ: ನಿಂದನೆಗೆ ಆರು ತಿಂಗಳಿಗಿಂತ ಹೆಚ್ಚು ಜೈಲು ಕೊಡಬೇಕಾದರೆ ಜ್ಯೂರಿ ಮುಂದೆ ವಿಚಾರಣೆ ಆಗಬೇಕು.

ನಮ್ಮಲ್ಲಿ ಕಥೆ ಬೇರೆ. 1971ರ ನ್ಯಾಯಾಂಗ ನಿಂದನೆ ಕಾಯ್ದೆಯಲ್ಲಿ ಕೋರ್ಟಿನ ಹೆಸರಿಗೆ ಮಸಿ ಬಳಿಯುವುದೂ ಕ್ರಿಮಿನಲ್ ನಿಂದನೆಯೇ. ಶಿಕ್ಷೆ ಗರಿಷ್ಠ ಆರು ತಿಂಗಳ ಸಾದಾ ಜೈಲು, 2,000 ರೂಪಾಯಿ ದಂಡ, ಅಥವಾ ಎರಡೂ. ಮನಸಾರೆ ಕ್ಷಮೆ ಕೇಳಿದರೆ ಬಿಡಬಹುದು. 2020ರಲ್ಲಿ ವಕೀಲ ಪ್ರಶಾಂತ್ ಭೂಷಣ್ ಅವರಿಗೆ ಎರಡು ಟ್ವೀಟ್‌ಗಳಿಗಾಗಿ ಸುಪ್ರೀಂ ಕೋರ್ಟು 1 ರೂಪಾಯಿ ದಂಡ ಹಾಕಿದ್ದು ನೆನಪಿರಬಹುದು.

ಆದರೆ ಸಾಮಾನ್ಯ ಜನ ಮರೆಯುವ ಒಂದು ವಿಷಯ ಇದೆ. ಬೀದಿಯಲ್ಲಿ ನಿಂತ ಮನುಷ್ಯ ಮತ್ತು ಆ ಕೇಸಿನ ವಕಾಲತ್ತು ವಹಿಸಿದ ವಕೀಲ ಒಂದೇ ಮಾತು ಆಡಿದರೂ ಅಳತೆ ಒಂದೇ ಅಲ್ಲ. ವಕೀಲ ಕೋರ್ಟಿನ ಅಧಿಕಾರಿಯೂ ಹೌದು. ಥಾಂಪ್ಸನ್ ಅವರನ್ನು ಮುಳುಗಿಸಿದ್ದು ಈ ಎರಡನೇ ಅಳತೆ.

ಅವರಿಗೆ ನಿಂದನೆ ಶಿಕ್ಷೆ ಆಯಿತಾ? ಜೈಲಿಗೆ ಹೋದರಾ?

ಇಲ್ಲ. ಇದನ್ನು ಜಾಸ್ತಿ ಜನ ತಪ್ಪು ತಿಳಿದಿರುತ್ತಾರೆ.

2007ರ ಮಾರ್ಚ್‌ನಲ್ಲಿ ಟೇಕ್-ಟೂ ತಾನೇ ಥಾಂಪ್ಸನ್ ಮೇಲೆ ದಾವೆ ಹಾಕಿತು. ಗ್ರ್ಯಾಂಡ್ ಥೆಫ್ಟ್ ಆಟೋ 4 ಮತ್ತು ಮ್ಯಾನ್‌ಹಂಟ್ 2 ಬರುವುದರಲ್ಲಿದ್ದವು. ಅವುಗಳಿಗೂ ಇವರು ಅಡ್ಡ ಬರುತ್ತಾರೆ ಎಂದು ಮೊದಲೇ ಬಾಗಿಲು ಮುಚ್ಚಲು ಹೊರಟಿತು ಕಂಪನಿ. ಥಾಂಪ್ಸನ್ ತಿರುಗಿ ದಾವೆ ಹಾಕಿದರು. ಏಪ್ರಿಲ್‌ನಲ್ಲಿ ರಾಜಿ ಆಯಿತು. ಟೇಕ್-ಟೂ ಆಟಗಳ ಮಾರಾಟ ತಡೆಯಲು ತಾನಾಗಿ ದಾವೆ ಹಾಕುವುದಿಲ್ಲ, ಹಾಕುತ್ತೇನೆ ಎಂದು ಬೆದರಿಸುವುದೂ ಇಲ್ಲ ಎಂದು ಥಾಂಪ್ಸನ್ ಒಪ್ಪಿದರು. ಕಂಪನಿ ತನ್ನ ದಾವೆಯನ್ನೂ ನಿಂದನೆಯ ವಿಷಯವನ್ನೂ ಬಿಟ್ಟಿತು. ಆಟಗಳನ್ನು ಟೀಕಿಸುವ ಹಕ್ಕು, ಬೇರೆ ಕಕ್ಷಿದಾರರ ಪರ ವಾದಿಸುವ ಹಕ್ಕು ಅವರ ಬಳಿಯೇ ಉಳಿಯಿತು.

ಅಲ್ಲಿಗೇ ನಿಂತಿದ್ದರೆ ಇವತ್ತೂ ವಕೀಲರಾಗಿರುತ್ತಿದ್ದರೇನೋ. ಆದರೆ ಕಂಪನಿ ರಾಜಿ ಮಾಡಿಕೊಂಡರೂ ಬಾರ್ ಮುಂದಿದ್ದ ದೂರುಗಳು ಮಾಯವಾಗುವುದಿಲ್ಲ. ಅವು ಎರಡು ಪಾರ್ಟಿಗಳ ನಡುವಿನ ವ್ಯಾಜ್ಯ ಅಲ್ಲ.

ಸನ್ನದು ಹೋಗಿದ್ದು ಗೇಮ್ ವಿರೋಧಿಸಿದ್ದಕ್ಕಾ?

ಅಲ್ಲ. ಕೇಸುಗಳಲ್ಲಿ ಸೋತದ್ದಕ್ಕೂ ಅಲ್ಲ. ಸೋತ ವಕೀಲರ ಸನ್ನದು ಕಿತ್ತುಕೊಳ್ಳುತ್ತಾ ಹೋದರೆ ಕೋರ್ಟುಗಳಲ್ಲಿ ಅರ್ಧ ಕುರ್ಚಿ ಖಾಲಿ.

ಬಾರ್‌ನ ಆರೋಪಗಳನ್ನು ವಿಚಾರಿಸಲು ನ್ಯಾಯಾಧೀಶೆ ಡಾವಾ ಟ್ಯೂನಿಸ್ ಅವರನ್ನು ನೇಮಿಸಲಾಗಿತ್ತು. 2007ರ ಕೊನೆಯಲ್ಲಿ ವಿಚಾರಣೆ ನಡೆಯಿತು. 2008ರ ಮೇ ತಿಂಗಳಲ್ಲಿ 31 ಆರೋಪಗಳ ಪೈಕಿ 27 ಸಾಬೀತಾಗಿವೆ ಎಂದರು. ಕೋರ್ಟುಗಳ ಮುಂದೆ ಸುಳ್ಳು ಹೇಳಿದ್ದು, ಎದುರು ಪಾರ್ಟಿಗಳನ್ನೂ ಅವರ ವಕೀಲರನ್ನೂ ಹೀಯಾಳಿಸಿದ್ದು, ಫ್ಲೋರಿಡಾದ ಹೊರಗೆ ಸರಿಯಿಲ್ಲದ ರೀತಿಯಲ್ಲಿ ವಕೀಲಿಕೆ ಮಾಡಿದ್ದು, ಇವೆಲ್ಲ ಅದರಲ್ಲಿ ಸೇರಿವೆ. ಜೂನ್‌ನಲ್ಲಿ ಶಿಕ್ಷೆ ಎಷ್ಟು ಎಂಬುದರ ಬಗ್ಗೆ ಹಿಯರಿಂಗ್ ಇತ್ತು. ಥಾಂಪ್ಸನ್ ಬಂದು, ಈ ಕೋರ್ಟಿಗೆ ಅಧಿಕಾರವೇ ಇಲ್ಲ ಎಂಬಂತೆ ಮಾತಾಡಿ, ಎದ್ದು ಹೋದರು.

ಟ್ಯೂನಿಸ್ ಅವರ ವರದಿ ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಅವರ ತಕರಾರು ಯಾವುದೋ ಒಂದು ಪತ್ರದ ಮೇಲೆ ಅಲ್ಲ. ಒಂದಕ್ಕೊಂದು ಸಂಬಂಧವೇ ಇಲ್ಲದ ಕೇಸುಗಳಲ್ಲಿ, ಬೇರೆ ಬೇರೆ ಜನರ ಮೇಲೆ, ವರ್ಷಗಟ್ಟಲೆ ಅದೇ ನಡತೆ. ಎದುರು ನಿಂತವರಿಗೆ ಎಷ್ಟು ಸಾಧ್ಯವೋ ಅಷ್ಟು ಕಾಟ ಕೊಡುವುದೇ ಇವರ ರೀತಿ ಆಗಿದೆ, ತಿದ್ದಿಕೊಳ್ಳುವ ಲಕ್ಷಣವೂ ಕಾಣುತ್ತಿಲ್ಲ ಎಂಬುದು ಅವರ ತೀರ್ಮಾನ.

2008ರ ಸೆಪ್ಟೆಂಬರ್ 25ರಂದು ಫ್ಲೋರಿಡಾ ಸುಪ್ರೀಂ ಕೋರ್ಟು ಅದನ್ನು ಒಪ್ಪಿ ಸನ್ನದನ್ನು ಶಾಶ್ವತವಾಗಿ ರದ್ದು ಮಾಡಿತು. ಖರ್ಚು ಅಂತ 43,675 ಡಾಲರ್ 35 ಸೆಂಟ್ ಕಟ್ಟಬೇಕು ಎಂದೂ ಹೇಳಿತು. ಆ 35 ಸೆಂಟ್ ನನಗೆ ಯಾವಾಗಲೂ ಸೋಜಿಗ. ಗುಮಾಸ್ತರು ಎಷ್ಟು ನಿಯತ್ತಿನಿಂದ ಲೆಕ್ಕ ಹಾಕಿರಬೇಕು ನೋಡಿ.

ಕೋರ್ಟಿಗೆ ಕಾಂಗರೂ ಚಿತ್ರ ಕೊಟ್ಟರಂತೆ?

ಕೊಟ್ಟರು. 2008ರ ಶುರುವಿನಲ್ಲಿ ಫ್ಲೋರಿಡಾ ಸುಪ್ರೀಂ ಕೋರ್ಟಿಗೆ ಹಾಕಿದ ಅರ್ಜಿಯೊಂದನ್ನು ದೊಡ್ಡವರಿಗಾಗಿ ಚಿತ್ರಪುಸ್ತಕ ಎಂಬ ಹಾಗೆ ಮಾಡಿದ್ದರು. ನ್ಯಾಯಮೂರ್ತಿಗಳಿಗೆ ಬರೀ ಮಾತಿನಲ್ಲಿ ಹೇಳಿದರೆ ಅರ್ಥ ಆಗುವುದಿಲ್ಲ ಎಂಬ ಕುಟುಕು ಅದರಲ್ಲಿ. ಕೋರ್ಟಿನಲ್ಲಿ ಕೂತ ಕಾಂಗರೂಗಳು, ಸ್ವಸ್ತಿಕ, ಕಾರ್ಟೂನು ಅಳಿಲು, ಗಾಯಕ ರೇ ಚಾರ್ಲ್ಸ್ ಚಿತ್ರ, ಕಪಾಳಕ್ಕೆ ಹೊಡೆಯುವ ಅಂಗೈ ಗುರುತು, ಎಲ್ಲ ಇತ್ತು. ಇಂಗ್ಲಿಷಿನಲ್ಲಿ ಕಾಂಗರೂ ಕೋರ್ಟು ಅಂದರೆ ತೀರ್ಪು ಮೊದಲೇ ಬರೆದಿಟ್ಟುಕೊಂಡು ನಾಟಕ ಮಾಡುವ ಕೋರ್ಟು.

ಮಾರ್ಚ್‌ನಲ್ಲಿ ಕೋರ್ಟು ಆದೇಶ ಮಾಡಿತು: ಇನ್ನು ಮುಂದೆ ಬೇರೊಬ್ಬ ವಕೀಲರ ಸಹಿ ಇಲ್ಲದೆ ಇವರ ಯಾವ ಕಾಗದವನ್ನೂ ಕಚೇರಿಯಲ್ಲಿ ತೆಗೆದುಕೊಳ್ಳಬೇಡಿ. ಒಬ್ಬ ವಕೀಲನಿಗೆ ಇದಕ್ಕಿಂತ ಅವಮಾನ ನನಗೆ ಊಹಿಸಲು ಆಗುವುದಿಲ್ಲ. ನಿಂದನೆಗೆ ಜೈಲಿಗೆ ಹೋಗಿ ಬಂದವರಿಗೂ ಹಾರ ಹಾಕುವವರು ಇರುತ್ತಾರೆ. ನಿನ್ನ ಸಹಿಗೆ ಬೆಲೆ ಇಲ್ಲ ಅಂದರೆ ಯಾರು ಹಾರ ಹಾಕುತ್ತಾರೆ?

ಗೇಮ್ ಆಡುವವರು ಸುಮ್ಮನಿದ್ದರಾ?

ಎಲ್ಲಿ ಸುಮ್ಮನಿರ್ತಾರೆ! 2005ರ ಅಕ್ಟೋಬರ್‌ನಲ್ಲಿ ಥಾಂಪ್ಸನ್ ಒಂದು ಸವಾಲು ಹಾಕಿದರು. ಗೇಮ್ ಆಡಿದ ಹುಡುಗನಿಂದ ಮಗನನ್ನು ಕಳೆದುಕೊಂಡ ತಂದೆ ಗೇಮ್ ಕಂಪನಿಯವರ ಮೇಲೆ ಸೇಡು ತೀರಿಸಿಕೊಳ್ಳುವ ಆಟ ಮಾಡಿ ಮಾರಿದರೆ 10,000 ಡಾಲರ್ ದಾನ ಕೊಡುತ್ತೇನೆ ಅಂತ. ಹುಡುಗರು ನಿಜವಾಗಲೂ ಅಂಥ ಆಟ ಮಾಡಿದರು. ಥಾಂಪ್ಸನ್ ಅದು ವಿಡಂಬನೆ, ಪಂಥ ಅಲ್ಲ ಎಂದು ಜಾರಿಕೊಂಡರು. ಪೆನ್ನಿ ಆರ್ಕೇಡ್ ಎಂಬ ಗೇಮ್ ಕಾಮಿಕ್ಸ್ ನಡೆಸುವವರು, ಅವರು ಕೊಡದಿದ್ದರೆ ನಾವೇ ಕೊಡುತ್ತೇವೆ ಎಂದು ಅವರ ಹೆಸರಿನಲ್ಲೇ 10,000 ಡಾಲರ್ ಚೆಕ್ ಬರೆದು ದಾನ ಮಾಡಿದರು. ಥಾಂಪ್ಸನ್ ಈ ಕಾಮಿಕ್ಸ್‌ನವರ ಮೇಲೆಯೇ ಸಿಯಾಟಲ್ ಪೊಲೀಸರಿಗೆ ದೂರು ಬರೆದರು.

ಅದೇ ವೇಳೆಗೆ ಥಾಂಪ್ಸನ್ ಅವರಿಗೆ ಬಾಯಿಗೆ ಬಂದ ಹಾಗೆ ಬೈದು, ಕೊಲ್ಲುತ್ತೇವೆ ಎಂದು ಬೆದರಿಸಿದವರೂ ಇದ್ದರು. ಆಟದಿಂದ ಹಿಂಸೆ ಬರುವುದಿಲ್ಲ ಎಂದು ವಾದಿಸಲು ಕೊಲೆ ಬೆದರಿಕೆ ಹಾಕುವ ಬುದ್ಧಿಗೆ ಏನನ್ನೋಣ.

ಅವರು ಹೇಳಿದ್ದು ಪೂರ್ತಿ ಸುಳ್ಳೇ?

ಪೂರ್ತಿ ಅಲ್ಲ. ಮಕ್ಕಳ ಕೈಗೆ ದೊಡ್ಡವರ ಆಟ ಸಿಗುತ್ತಿತ್ತು ಅನ್ನುವುದು ನಿಜ. 2005ರಲ್ಲಿ ಗ್ರ್ಯಾಂಡ್ ಥೆಫ್ಟ್ ಆಟೋ ಸರಣಿಯ ಸ್ಯಾನ್ ಆಂಡ್ರಿಯಾಸ್ ಆಟದೊಳಗೆ ಅಡಗಿಸಿಟ್ಟ ಲೈಂಗಿಕ ದೃಶ್ಯವೊಂದು ಹೊರಬಿತ್ತು. 'ಹಾಟ್ ಕಾಫಿ' ಹಗರಣ ಅಂತಾರೆ. ರೇಟಿಂಗ್ ಮಂಡಳಿ ಆಟವನ್ನು ವಯಸ್ಕರಿಗೆ ಮಾತ್ರ ಎಂಬ ವರ್ಗಕ್ಕೆ ತಳ್ಳಿತು. ಕಂಪನಿಗಳು ಎಲ್ಲವನ್ನೂ ಹೇಳುವುದಿಲ್ಲ ಎಂಬ ಥಾಂಪ್ಸನ್ ಮಾತು ಅವತ್ತು ನಿಜವಾಯಿತು.

ಆದರೆ ಆಟ ಆಡಿದ್ದರಿಂದ ಕೊಲೆ ಮಾಡಿದ ಅನ್ನುವುದು ಬೇರೆ ಮಾತು. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ 2015ರಲ್ಲೂ 2020ರಲ್ಲೂ ಹೇಳಿದ್ದು ಇಷ್ಟೇ: ಹಿಂಸಾತ್ಮಕ ಆಟಕ್ಕೂ ಸಣ್ಣಪುಟ್ಟ ಆಕ್ರಮಣಶೀಲ ವರ್ತನೆಗೂ ಅಲ್ಪಸ್ವಲ್ಪ ನಂಟು ಇದೆ. ಕೊಲೆ, ದೊಂಬಿಯಂಥ ಅಪರಾಧಕ್ಕೆ ಆಟವೇ ಕಾರಣ ಎನ್ನಲು ಸಾಕಷ್ಟು ಪುರಾವೆ ಇಲ್ಲ. ಥಾಂಪ್ಸನ್ ಇದಕ್ಕೆಲ್ಲ ಕಾಯುವವರಲ್ಲ. 2007ರ ಏಪ್ರಿಲ್‌ನಲ್ಲಿ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ ಗುಂಡಿನ ದಾಳಿ ಆದ ದಿನವೇ, ದಾಳಿ ಮಾಡಿದವನು ಯಾರು ಎಂದು ಗೊತ್ತಾಗುವ ಮೊದಲೇ, ಟಿವಿಯಲ್ಲಿ ಕೂತು ಗೇಮ್ ಕಡೆ ಬೆರಳು ತೋರಿಸಿದರು. ಪೊಲೀಸರು ಅವನ ಕೋಣೆ ಶೋಧಿಸಿ ಮಾಡಿದ ಪಟ್ಟಿಯಲ್ಲಿ ಒಂದು ಗೇಮೂ ಇರಲಿಲ್ಲ.

ಅಮೆರಿಕದಲ್ಲಿ ಈಗ ಕಾನೂನು ಏನಿದೆ?

ಲೂಸಿಯಾನಾದಲ್ಲಿ 2006ರಲ್ಲಿ ಥಾಂಪ್ಸನ್ ನೆರವಿನಿಂದಲೇ ಮಕ್ಕಳಿಗೆ ಹಿಂಸೆಯ ಆಟ ಮಾರುವುದರ ವಿರುದ್ಧ ಒಂದು ಕಾನೂನು ಬಂತು. ಅದೇ ವರ್ಷ ಕೋರ್ಟಿನಲ್ಲಿ ಬಿದ್ದುಹೋಯಿತು. 2009ರಲ್ಲಿ ಯೂಟಾದ ಶಾಸನಸಭೆ ಒಪ್ಪಿದ ಗೇಮ್ ಮಸೂದೆಗೆ ರಾಜ್ಯಪಾಲರು ಸಹಿ ಹಾಕಲಿಲ್ಲ.

ಕೊನೆಗೆ ಪ್ರಶ್ನೆ ಇತ್ಯರ್ಥ ಆದದ್ದು ಕ್ಯಾಲಿಫೋರ್ನಿಯಾದ ಕಾನೂನಿನ ಮೇಲೆ. ಮಕ್ಕಳಿಗೆ ಹಿಂಸಾತ್ಮಕ ಆಟ ಮಾರಿದರೆ 1,000 ಡಾಲರ್ ವರೆಗೆ ದಂಡ ಎನ್ನುತ್ತಿತ್ತು ಅದು. 2011ರ ಜೂನ್ 27ರಂದು ಅಮೆರಿಕದ ಸುಪ್ರೀಂ ಕೋರ್ಟು 7-2 ಬಹುಮತದಿಂದ ರದ್ದು ಮಾಡಿತು. ಪುಸ್ತಕ, ನಾಟಕ, ಸಿನಿಮಾಕ್ಕೆ ಇರುವ ರಕ್ಷಣೆ ಗೇಮ್‌ಗೂ ಇದೆ ಎಂದಿತು. ತೀರ್ಪು ಬರೆದ ನ್ಯಾಯಮೂರ್ತಿ ಸ್ಕಾಲಿಯಾ ಅಜ್ಜಿ ಕಥೆಗಳನ್ನು ಎಳೆದು ತಂದರು. ಗ್ರಿಮ್ ಸೋದರರ ಕಥೆಯಲ್ಲಿ ಮಕ್ಕಳು ಮುದುಕಿಯನ್ನು ಒಲೆಗೆ ನೂಕುವುದಿಲ್ಲವೇ ಅಂತ. ಅದನ್ನು ಓದುವಾಗ ನನಗೆ ನೆನಪಾದದ್ದು ಚಿಕ್ಕಂದಿನಲ್ಲಿ ನೋಡಿದ ಬಯಲಾಟ. ದುಶ್ಶಾಸನನ ಎದೆ ಬಗೆದು ಭೀಮ ಕರುಳು ಎಳೆಯುತ್ತಿದ್ದ. ನಾವು ಮಕ್ಕಳು ಮುಂದಿನ ಸಾಲಿನಲ್ಲಿ ಚಾಪೆ ಹಾಸಿ ಕೂತಿರುತ್ತಿದ್ದೆವು.

ಅಂದಹಾಗೆ, ಆ ಕ್ಯಾಲಿಫೋರ್ನಿಯಾ ಕಾನೂನು ತಂದ ಸೆನೆಟರ್ ಲೀಲ್ಯಾಂಡ್ ಯೀ 2014ರಲ್ಲಿ ಲಂಚ ಮತ್ತು ಬಂದೂಕು ಕಳ್ಳಸಾಗಣೆ ಆರೋಪದಲ್ಲಿ ಸಿಕ್ಕಿಬಿದ್ದರು. 2016ರಲ್ಲಿ ಐದು ವರ್ಷ ಜೈಲು ಶಿಕ್ಷೆ ಆಯಿತು. ಆಟದ ಬಂದೂಕಿನ ಮೇಲೆ ಅಷ್ಟು ಸಿಟ್ಟು ಇದ್ದವರು!

ನಮ್ಮಲ್ಲಿ ಇಂಥ ವಕೀಲರ ಮೇಲೆ ಯಾರು ಕ್ರಮ ತೆಗೆದುಕೊಳ್ಳುತ್ತಾರೆ?

ಕರ್ನಾಟಕದವರಾದರೆ ರಾಜ್ಯ ಬಾರ್ ಕೌನ್ಸಿಲ್‌ನ ಶಿಸ್ತು ಸಮಿತಿ, 1961ರ ವಕೀಲರ ಕಾಯ್ದೆಯ 35ನೇ ಕಲಂ ಪ್ರಕಾರ. ಅಲ್ಲಿಂದ ಭಾರತೀಯ ಬಾರ್ ಕೌನ್ಸಿಲ್, ಆಮೇಲೆ ಸುಪ್ರೀಂ ಕೋರ್ಟು. ನಿಂದನೆ ಮಾಡಿದ ವಕೀಲರ ಸನ್ನದನ್ನು ಶಿಕ್ಷೆಯಾಗಿ ಕೋರ್ಟೇ ಕಿತ್ತುಕೊಳ್ಳುವ ಹಾಗಿಲ್ಲ, ಅದು ಬಾರ್ ಕೌನ್ಸಿಲ್ ಕೆಲಸ ಎಂದು 1998ರಲ್ಲಿ ನಮ್ಮ ಸುಪ್ರೀಂ ಕೋರ್ಟೇ ಹೇಳಿದೆ. ಫ್ಲೋರಿಡಾದಲ್ಲಿ ಬಾರ್ ದೂರು ನಡೆಸುತ್ತದೆ, ಕೊನೆಯ ಮಾತು ಅಲ್ಲಿನ ಸುಪ್ರೀಂ ಕೋರ್ಟಿನದು.

ಕರ್ನಾಟಕದಲ್ಲೂ ಗೇಮ್ ನಿಷೇಧ ಆಗಿತ್ತಲ್ಲ, ಅದೂ ಇದೇ ಥರವಾ?

ಅದು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟದ ವಿಷಯ. 2021ರ ತಿದ್ದುಪಡಿಯನ್ನು 2022ರ ಫೆಬ್ರುವರಿಯಲ್ಲಿ ಹೈಕೋರ್ಟು ರದ್ದು ಮಾಡಿತು. 2025ರಲ್ಲಿ ಕೇಂದ್ರ ಸರ್ಕಾರವೇ ದುಡ್ಡಿನ ಆಟಗಳ ಮೇಲೆ ಕಾನೂನು ತಂದಿತು. ಪಬ್ಜಿಯನ್ನು 2020ರಲ್ಲಿ ನಿಷೇಧಿಸಿದಾಗಲೂ ಕೊಟ್ಟ ಕಾರಣ ದೇಶದ ಭದ್ರತೆ, ಹಿಂಸೆ ಅಲ್ಲ.

ಆದರೆ 2019ರಲ್ಲಿ ಬೆಳಗಾವಿ ಹತ್ತಿರದ ಕಾಕತಿಯಲ್ಲಿ ಮಗ ತಂದೆಯನ್ನು ಕೊಂದ ಸುದ್ದಿ ಬಂದಾಗ ಟಿವಿಯವರೆಲ್ಲ ಪಬ್ಜಿ ಕೊಲೆ ಎಂದೇ ಕೂಗಿದರು. ಥಾಂಪ್ಸನ್ ಆಗ ಇಲ್ಲಿ ಇದ್ದಿದ್ದರೆ ಯಾವ ಸ್ಟುಡಿಯೋದಲ್ಲಿ ಕೂತಿರುತ್ತಿದ್ದರು ಎಂದು ಯೋಚಿಸಿದ್ದೆ.

ಅವರು ಮತ್ತೆ ವಕೀಲರಾಗಬಹುದಾ?

ಫ್ಲೋರಿಡಾದಲ್ಲಿ ಇಲ್ಲ. ಮಾಮೂಲಿಯಾಗಿ ಸನ್ನದು ಹೋದವರು ಅಲ್ಲಿ ಐದು ವರ್ಷ ಆದ ಮೇಲೆ ಮತ್ತೆ ಅರ್ಜಿ ಹಾಕಬಹುದು. ಇವರಿಗೆ ಆ ಬಾಗಿಲೂ ಮುಚ್ಚಿದೆ. ಆದರೂ ಸುಮ್ಮನೆ ಕೂರಲಿಲ್ಲ. 2009ರಲ್ಲಿ ಫೇಸ್‌ಬುಕ್ ಮೇಲೆ ತಾವೇ 4 ಕೋಟಿ ಡಾಲರ್ ದಾವೆ ಹಾಕಿದರು, ತಮ್ಮ ವಿರುದ್ಧದ ಬೆದರಿಕೆ ಪೋಸ್ಟ್‌ಗಳನ್ನು ತೆಗೆಯಲಿಲ್ಲ ಅಂತ. ಎರಡು ತಿಂಗಳೊಳಗೆ ವಾಪಸ್ ತೆಗೆದುಕೊಂಡರು.

ಬುಲ್ಲಿ ಆಟ ಈಗಲೂ ಸಿಗುತ್ತದಾ?

ಸಿಗುತ್ತದೆ. 2008ರಲ್ಲಿ ಹೊಸ ಆವೃತ್ತಿ ಬಂತು, 2016ರಲ್ಲಿ ಮೊಬೈಲ್‌ಗೂ ಬಂತು. ನನ್ನ ಅಕ್ಕನ ಮಗ ಕಳೆದ ರಜೆಯಲ್ಲಿ ಮನೆಗೆ ಬಂದವನು ಅದನ್ನು ಆಡುತ್ತಿದ್ದ. ನ್ಯಾಯಾಧೀಶರು ಎರಡು ಗಂಟೆ ನೋಡಿದರಲ್ಲ, ನಾನೂ ನೋಡೋಣ ಎಂದು ಪಕ್ಕದಲ್ಲಿ ಕೂತೆ. ಇಪ್ಪತ್ತು ನಿಮಿಷಕ್ಕೆ ನಿದ್ದೆ ಬಂತು. ಜಿಮ್ಮಿ ಆಗ ಕೆಮಿಸ್ಟ್ರಿ ಕ್ಲಾಸಿನಲ್ಲಿದ್ದ.